ಕಿಂಗ್‌ಡಮ್ ಕಮ್ ಕೊನೇ ಸಂಚಿಕೆ: ಬಾಂಬ್ ಸಿಡಿದ ಮೇಲೇ ಅಸಲಿ ಕ್ಲೈಮ್ಯಾಕ್ಸ್ (ಪೂರ್ತಿ ಸ್ಪಾಯ್ಲರ್)

ಕೆಂಪುಕೇಪ್:
ನಾಲ್ಕನೇ ಸಂಚಿಕೆ ಬಗ್ಗೆ ಮಾತ್ರ ಮಾತಾಡೋಣ ಅಂತ ಈ ಥ್ರೆಡ್ ತೆಗೀತಿದೀನಿ. ಇನ್ನೂ ಓದದೇ ಇರೋರು ದಯವಿಟ್ಟು ಇಲ್ಲಿಗೇ ನಿಲ್ಸಿ, ಕೊನೇ ಪುಟದ ತನಕ ಎಲ್ಲಾ ಬಿಚ್ಚಿ ಹೇಳ್ತೀನಿ.

ಹಿನ್ನೆಲೆ ಬೇಗ ಹೇಳ್ಬಿಡ್ತೀನಿ. 1996ರಲ್ಲಿ ಡಿಸಿಯವ್ರು ಎಲ್ಸ್‌ವರ್ಲ್ಡ್ಸ್ (ಮಾಮೂಲಿ ಕತೆಗೆ ಸೇರದ, 'ಹೀಗಾಗಿದ್ರೆ?' ಅನ್ನೋ ಥರದ ಕತೆಗಳು) ಸಾಲಲ್ಲಿ ತಂದ ನಾಲ್ಕು ಸಂಚಿಕೆಯ ಕಾಮಿಕ್ಸ್ ಸರಣಿ, ಕತೆ ಮಾರ್ಕ್ ವೇಯ್ಡ್, ಚಿತ್ರ ಅಲೆಕ್ಸ್ ರಾಸ್. ಕಾಲ ಮುಂದಿನದು. ಜೋಕರ್ ಡೈಲಿ ಪ್ಲಾನೆಟ್ ಪತ್ರಿಕೆ ಆಫೀಸಿಗೆ ನುಗ್ಗಿ ಸೂಪರ್‌ಮ್ಯಾನ್ ಹೆಂಡತಿ ಲೋಯಿಸ್ ಸಮೇತ ಅಲ್ಲಿದ್ದೋರನ್ನ ಕೊಂದಿರ್ತಾನೆ, ಅವನು ಪೊಲೀಸರ ಕೈಲಿದ್ದಾಗಲೇ ಮ್ಯಾಗಾಗ್ ಅನ್ನೋ ಹೊಸ ಹೀರೋ ಬಂದು ಅವನನ್ನ ಮುಗಿಸ್ತಾನೆ, ಕೋರ್ಟು ಮ್ಯಾಗಾಗ್‌ನ ಖುಲಾಸೆ ಮಾಡತ್ತೆ, ಜನರಿಗೂ ಅದೇ ಬೇಕಿತ್ತು. ಅದನ್ನ ನೋಡಿ ಸೂಪರ್‌ಮ್ಯಾನ್ ಎಲ್ಲಾ ಬಿಟ್ಟು ಹತ್ತು ವರ್ಷ ಕಾಣೆಯಾಗ್ತಾನೆ. ಆಮೇಲೆ ಮ್ಯಾಗಾಗ್‌ನ ಗುಂಪು ಪ್ಯಾರಸೈಟ್ ಅನ್ನೋ ಖಳನ ಬೆನ್ನಟ್ಟಿ ಹೋದಾಗ ಆ ಪ್ಯಾರಸೈಟ್ ಮೈಯೊಳಗೆ ಅಣುಶಕ್ತಿ ಇರೋ ಹೀರೋ ಕ್ಯಾಪ್ಟನ್ ಆಟಮ್‌ನ ಮೈ ಸೀಳಿಬಿಡ್ತಾನೆ, ಅಣುಸ್ಫೋಟ, ಕ್ಯಾನ್ಸಸ್ ಪೂರ್ತಿ ಬೂದಿ. ಸೂಪರ್‌ಮ್ಯಾನ್ ವಾಪಸ್ ಬಂದು ಹಳಬರನ್ನ ಸೇರಿಸ್ತಾನೆ, ಮಾತು ಕೇಳದ ಹೊಸಬರನ್ನ ತುಂಬೋಕೆ ಅದೇ ಕ್ಯಾನ್ಸಸ್ ನೆಲದ ಮೇಲೆ ಗುಲಾಗ್ ಅಂತ ಜೈಲು ಕಟ್ತಾನೆ. ಮೂರನೇ ಸಂಚಿಕೆ ಮುಗಿಯೋ ಹೊತ್ತಿಗೆ ಒಳಗೆ ದಂಗೆ, ಹೊರಗೆ ಸೂಪರ್‌ಮ್ಯಾನ್‌ನ ಹಳೇ ವೈರಿ ಲೂಥರ್ ಕಳಿಸಿದ ಕ್ಯಾಪ್ಟನ್ ಮಾರ್ವೆಲ್ (ಬಿಲ್ಲಿ ಅನ್ನೋನು 'ಶಜಾಮ್' ಅಂದ್ರೆ ಮಿಂಚು ಬಡಿದು ಈ ಹೀರೋ ಆಗ್ತಾನೆ, ಇನ್ನೊಂದ್ಸಲ ಬಡಿದ್ರೆ ಮತ್ತೆ ಬಿಲ್ಲಿ).

ಈಗ ನನ್ನ ಮಾತು. ಹೆಚ್ಚಿನ ಜನ ಈ ಫಿನಾಲೆ ಅಂದ್ರೆ ಸೂಪರ್‌ಮ್ಯಾನ್ ಮತ್ತೆ ಕ್ಯಾಪ್ಟನ್ ಮಾರ್ವೆಲ್ ಹೊಡೆದಾಟ, ಬಾಂಬು, ಅಷ್ಟೇ ನೆನಪಿಟ್ಕೊಳ್ತಾರೆ. ನನಗನ್ಸೋದು ಕತೆ ತೀರ್ಮಾನ ಆಗೋದು ಅದಾದ್ಮೇಲೆ, ವಿಶ್ವಸಂಸ್ಥೆ ಸಭಾಂಗಣದಲ್ಲಿ, ಯಾವ ಶಕ್ತಿನೂ ಇಲ್ಲದ ಒಬ್ಬ ಮುದುಕ ಪಾದ್ರಿ ನಾರ್ಮನ್ ಮೆಕೇ ಬಾಯಿ ಬಿಟ್ಟಾಗ. ಅಲ್ಲಿವರೆಗೆ ಎಲ್ಲರೂ ಒಂದಲ್ಲಾ ಒಂದು ರೀತೀಲಿ ಬಲ ಪ್ರಯೋಗ ಮಾಡೋರೇ, ಸೂಪರ್‌ಮ್ಯಾನ್ ಜೈಲು ಕಟ್ಟಿದ, ಡಯಾನಾ (ವಂಡರ್ ವುಮನ್) ಕತ್ತಿ ಎತ್ತಿದ್ಲು, ಬ್ಯಾಟ್‌ಮ್ಯಾನ್ ಗಾಥಮ್ ತುಂಬಾ ರೋಬೋ ಕಾವಲು ಇಟ್ಟ, ಮನುಷ್ಯರು ವಿಶ್ವಸಂಸ್ಥೆ ಅಪ್ಪಣೆ ಮೇಲೆ ಗುಲಾಗ್ ಮೇಲೆ ಅಣುಬಾಂಬ್ ಹಾಕಿದ್ರು. ನೀವೇನಂತೀರಿ?

ಮಲ್ಪೆಬಂದರು:
ನಾನು ಒಪ್ಪುದಿಲ್ಲ ಮಾರಾಯ್ರೆ. ಆ ಸಭಾಂಗಣದ ಸೀನು ನಂಗೆ ತುಂಬಾ ಅವಸರ ಅಂತ ಕಾಣ್ತದೆ. ಅಷ್ಟು ಜನ ಸತ್ತಿದ್ದಾರೆ, ಸೂಪರ್‌ಮ್ಯಾನ್‌ಗೆ ತನ್ನ ಕಡೆಯವರು ಒಬ್ಬರೂ ಉಳಿದಿಲ್ಲ ಅಂತಲೇ ನಂಬಿಕೆ, ಕಣ್ಣು ಕೆಂಪಾಗಿ ಹೋಗಿ ಆ ಕಟ್ಟಡದ ಚಾವಣಿಯನ್ನೇ ಒಳಗಿದ್ದವರ ತಲೆ ಮೇಲೆ ಕೆಡವ್ಲಿಕ್ಕೆ ಹೊರಟಿದ್ದಾನೆ, ಅಂಥವನು ಒಬ್ಬ ಗುರುತೇ ಇಲ್ಲದ ಪಾದ್ರಿ ನಾಲ್ಕು ಮಾತು ಹೇಳಿದ ಕೂಡ್ಲೆ ತಣ್ಣಗಾಗ್ತಾನಾ? ಹೊಡೆದಾಟಕ್ಕೆ ಅಷ್ಟು ಪುಟ ಕೊಟ್ಟವರು ಇದಕ್ಕೂ ಸ್ವಲ್ಪ ಕೊಡ್ಬಹುದಿತ್ತು. ಬಿಲ್ಲಿ ತೀರ್ಮಾನವೇ ಕತೆಯ ತುದಿ, ಉಳಿದದ್ದು ಇಳಿಜಾರು.

ಕೆಂಪುಕೇಪ್:
ಮಲ್ಪೆಬಂದರು, ಪಾದ್ರಿ ಅಲ್ಲಿ ಏನು ಹೇಳ್ತಾನೆ ಅಂತ ಇನ್ನೊಂದ್ಸಲ ನೋಡಿ. "ಕೊಲ್ಲಬೇಡ" ಅಂತ ಉಪದೇಶ ಮಾಡಲ್ಲ ಅವನು. ನಿನಗೆ ಇವರ ಮೇಲಿರೋ ಸಿಟ್ಟಿಗಿಂತ ನಿನ್ನ ಮೇಲೇ ಇರೋ ಸಿಟ್ಟು ದೊಡ್ಡದು, ಮ್ಯಾಗಾಗ್ ಬಂದಿದ್ದು, ಕ್ಯಾನ್ಸಸ್ ಸುಟ್ಟಿದ್ದು, ಹತ್ತು ವರ್ಷ ವ್ಯರ್ಥ ಆಗಿದ್ದು ಎಲ್ಲಾ ನಿನ್ನ ತಲೆಗೇ ಕಟ್ಕೊಂಡಿದೀಯ, ಮೊದ್ಲು ನಿನ್ನನ್ನ ನೀನು ಕ್ಷಮಿಸ್ಕೋ ಅನ್ನೋ ಅರ್ಥದ ಮಾತು. ನಿನ್ನ ಎಲ್ಲಾ ಶಕ್ತಿಗಿಂತ ದೊಡ್ಡದು ಸರಿ ತಪ್ಪು ಯಾವುದು ಅಂತ ನಿನಗೆ ತಾನಾಗೇ ಗೊತ್ತಾಗ್ತಿದ್ದಿದ್ದು, ಅದನ್ನೇ ನೀನು ಕಳ್ಕೊಂಡೆ ಅಂತಾನೆ. ಇದು ಹೊರಗಿನೋನಿಗೆ ಹೇಗೆ ಗೊತ್ತು ಅಂದ್ರೆ, ಮೊದಲನೇ ಸಂಚಿಕೆಯಿಂದ ಸ್ಪೆಕ್ಟರ್ (ದೇವರ ಕೋಪದ ರೂಪ, ತಪ್ಪಿತಸ್ಥರಿಗೆ ಶಿಕ್ಷೆ ಕೊಡೋನು) ನಾರ್ಮನ್‌ನ ಕಣ್ಣಿಗೆ ಕಾಣದ ಹಾಗೆ ಎಲ್ಲಾ ಕಡೆ ಕರ್ಕೊಂಡು ಸುತ್ತಿದಾನಲ್ಲ, ಸೂಪರ್‌ಮ್ಯಾನ್ ತನ್ನ ಹತ್ರದೋರಿಂದ ಮುಚ್ಚಿಟ್ಟಿದ್ದನ್ನೂ ನಾರ್ಮನ್ ಪಕ್ಕದಲ್ಲೇ ನಿಂತು ನೋಡಿದಾನೆ. ಗುರುತಿಲ್ಲದೋನು ಹೌದು, ಆದ್ರೆ ಆ ಸಭೇಲಿ ಅವನನ್ನ ಪೂರ್ತಿ ಬಲ್ಲೋನು ನಾರ್ಮನ್ ಒಬ್ನೇ.

ಗದುಗಿನ ಓದುಗ:
ಭಾಳ ಚಲೋ ಥ್ರೆಡ್ ತಗದೀರಿ. ನಾ ಇದನ್ನ ಓದೂವಾಗ ನಂಗ ಮೌಸಲಪರ್ವನ ಕಣ್ಮುಂದ ಬಂತು ನೋಡ್ರಿ. ದೊಡ್ಡ ಯುದ್ಧ ಮುಗದು ವರ್ಷಗಟ್ಲೆ ಆಗೇದ, ಹೊರಗಿನ ವೈರಿ ಯಾರೂ ಉಳದಿಲ್ಲ, ಹಂಗಿದ್ದಾಗ ಯಾದವರು ಪ್ರಭಾಸದಾಗ ಕುಡದು ಮಾತಿಗೆ ಮಾತು ಬೆಳಿಸಿ ಒಬ್ರಿಗೊಬ್ರು ಹೊಡಕೊಂಡು ಸಾಯ್ತಾರ. ಇಲ್ಲೂ ಹಂಗ, ಖಳನಾಯಕರು ಯಾವಾಗೋ ಸತ್ತು ಹೋಗ್ಯಾರ, ಅವರ ಮಕ್ಕಳು ಮೊಮ್ಮಕ್ಕಳು ಹೀರೋಗಳ ಮಕ್ಕಳ ಜೋಡಿ ಬೀದ್ಯಾಗ ಸುಮ್ಮಸುಮ್ಮನ ಬಡದಾಡತಾರ, ಯಾಕ ಅಂತ ಅವರಿಗೂ ಗೊತ್ತಿಲ್ಲ. ಶಕ್ತಿ ಅದ, ಕೆಲಸ ಇಲ್ಲ.

ಫರಕು ಎಲ್ಲಿ ಅಂದ್ರ, ಅಲ್ಲಿ ಕೃಷ್ಣ ಗಾಂಧಾರಿ ಶಾಪ ಒಪ್ಪಿಕೊಂಡಾಂವ, ಇದು ಹಿಂಗ ಆಗೂದು ಅಂತ ತಿಳಕೊಂಡು ಕಡೀಕ ತಾನೂ ಕೈ ಹಾಕತಾನ. ಇಲ್ಲಿ ಸ್ಪೆಕ್ಟರ್ ನಾರ್ಮನ್ನ ಕಡೆ ಕೇಳೂದು ಅದೇ ಪ್ರಶ್ನೆ, ಯಾರ್ದು ತಪ್ಪು ಹೇಳು, ನಾ ಶಿಕ್ಷೆ ಕೊಡತೀನಿ. ನಾರ್ಮನ್ ಬರೇ ತೀರ್ಪು ಕೊಡೂದಕ್ಕ ಒಪ್ಪೂದಿಲ್ಲ, ನನ್ನನ್ನ ಕೆಳಗಿಳಿಸು, ನಾ ಅಂವನ ಜೋಡಿ ಮಾತಾಡತೀನಿ ಅಂತಾನ. ನೋಡ್ಕೋತ ನಿಂದ್ರೂ ಕೆಲಸ ಅಲ್ಲಿಗೆ ಮುಗೀತು. ಅದಕ್ಕ ನಾ ಕೆಂಪುಕೇಪ್ ಅವರ ಪಕ್ಷ.

ಬಣ್ಣದಡಬ್ಬಿ:
ನಾನು ಚಿತ್ರದ ಕಡೆಯಿಂದ ಒಂದೆರಡು ಮಾತು ಸೇರಿಸ್ತೀನಿ, ಯಾಕಂದ್ರೆ ನಾರ್ಮನ್ ವಿಷಯ ಅಲ್ಲೇ ಅರ್ಧ ಹೇಳಿಯಾಗಿದೆ. ರಾಸ್ ಇದನ್ನ ಪೂರ್ತಿ ಗ್ವಾಶ್ (ದಪ್ಪನೆ ನೀರುಬಣ್ಣ) ಬಣ್ಣದಲ್ಲಿ ಮಾಡಿರೋದು, ನಿಜವಾದ ಜನರನ್ನ ನಿಲ್ಸಿ ಫೋಟೋ ತೆಗೆದು ಅದನ್ನ ನೋಡ್ಕೊಂಡು ಬರೀತಾರೆ. ನಾರ್ಮನ್‌ಗೆ ಮಾಡೆಲ್ ಅವರ ತಂದೆನೇ, ಅವರೂ ಪಾದ್ರಿಯಾಗಿದ್ದೋರು. ಗ್ವಾಶ್ ಹಿಡಿದು ನೋಡಿದೋರಿಗೆ ಗೊತ್ತಿರತ್ತೆ, ಅದು ಒಣಗಿದ ಮೇಲೆ ಹೊಳಪಿರಲ್ಲ, ಸುಣ್ಣದ ಹಾಗೆ ಮಂಕಾಗಿ ಕೂರತ್ತೆ, ಚರ್ಮದ ಸುಕ್ಕು, ಕಣ್ಣ ಕೆಳಗಿನ ಚೀಲ, ಹಳೇ ಕೋಟಿನ ಬಟ್ಟೆ ಇಂಥದ್ದಕ್ಕೆ ಅದರಷ್ಟು ಒಗ್ಗೋ ಬಣ್ಣ ಇನ್ನೊಂದಿಲ್ಲ. ಸೂಪರ್‌ಮ್ಯಾನ್ ಎದೆ ಮೇಲಿನ ಚಿಹ್ನೇಲಿ ಹಳದಿ ತೆಗೆದು ಕಪ್ಪು ಹಾಕಿದಾರೆ, ಕಿವಿ ಹತ್ರ ನರೆಗೂದಲು, ಕಟ್ಟುಮಸ್ತಾದ್ರೂ ಸೊಂಟ ಸ್ವಲ್ಪ ದಪ್ಪ. ನಾರ್ಮನ್ ಮಾತ್ರ ಮೊದಲಿಂದ ಕೊನೇವರೆಗೂ ಕಪ್ಪು ಸೂಟಲ್ಲಿ ಫ್ರೇಮಿನ ಅಂಚಲ್ಲೇ ನಿಂತಿರ್ತಾನೆ, ಪಕ್ಕದಲ್ಲಿ ಹಸಿರು ನಿಲುವಂಗಿಯ ಸ್ಪೆಕ್ಟರ್. ಸಭಾಂಗಣದಲ್ಲಿ ಅವನು ಚಿತ್ರದ ಮಧ್ಯಕ್ಕೆ ಬಂದಾಗ ನಿಮಗೆ ಏನೋ ಬದಲಾಯ್ತು ಅಂತ ಅನ್ಸೋದು ಅದಕ್ಕೇ. ಪುಟ ಕಮ್ಮಿ ಅನ್ನೋದನ್ನ ನಾನು ಒಪ್ಪಲ್ಲ, ಅದರ ತಯಾರಿ ಮೂರು ಸಂಚಿಕೆಯಿಂದ ನಡೆದಿದೆ.

ಕ್ಯಾಪ್ಟನ್ ಮಾರ್ವೆಲ್ ನಗು ಕೂಡ ಹಾಗೇ. ಅವನ ಕಣ್ಣು ಹಳೇ ಕಾಮಿಕ್ಸ್‌ನಲ್ಲಿ ಬರೀ ಗೆರೆ ಥರ ಬರೀತಿದ್ರು, ರಾಸ್ ಅದೇ ಗೆರೆಗಣ್ಣನ್ನ ಮನುಷ್ಯನ ಮುಖದ ಮೇಲೆ ಹಾಗೇ ಇಟ್ಟು ಪಕ್ಕದಲ್ಲಿ ಹಲ್ಲು ಕಾಣೋ ನಗು ಕೂರಿಸಿದಾರೆ. ಅದಕ್ಕೇ ಅವನು ಹತ್ರ ಬಂದ್ರೆ ಮೈ ಜುಮ್ ಅನ್ಸೋದು.

ಮಲ್ಪೆಬಂದರು:
ಬಣ್ಣದಡಬ್ಬಿ ಹೇಳಿದ್ದು ಸರಿ, ಆ ನಗು ಮರೀಲಿಕ್ಕಾಗುದಿಲ್ಲ. ಆದ್ರೆ ಅದಕ್ಕೇ ನಾನು ಹೇಳುದು, ಬಿಲ್ಲಿಯದ್ದೇ ಕತೆಯ ತುದಿ ಅಂತ. ಎಲ್ಲರೂ ಅವನನ್ನ ಕ್ಯಾಪ್ಟನ್ ಮಾರ್ವೆಲ್ ಅಂತಲೇ ತಿಳ್ಕೊಂಡಿದ್ರು, ಅಸಲಿಗೆ ಅವನು ಬಿಲ್ಲಿಯೇ, ಬೆಳೆದು ದೊಡ್ಡವನಾಗಿ ಮುಖ ಥೇಟ್ ಹಾಗೇ ಆಗಿದೆ. ಲೂಥರ್ ಅವನ ತಲೆಯೊಳಗೆ ಹುಳ ಬಿಟ್ಟು ವರ್ಷಗಟ್ಟಲೆ ಹೆದರಿಸಿ ಕೈಗೊಂಬೆ ಮಾಡಿಟ್ಟಿದ್ದ.

ಈಗ ಹೊಡೆದಾಟ ನೋಡಿ. ಸೂಪರ್‌ಮ್ಯಾನ್‌ಗೆ ಮಂತ್ರದ ಎದುರು ರಕ್ಷಣೆ ಇಲ್ಲ, ಮಾರ್ವೆಲ್ ಶಜಾಮ್ ಅಂತ ಕೂಗುದು, ಮಿಂಚು ಬರುವಾಗ ತಾನು ಪಕ್ಕಕ್ಕೆ ಸರಿದು ಅದನ್ನ ಸೂಪರ್‌ಮ್ಯಾನ್ ಮೇಲೆ ಬೀಳಿಸುದು, ಮತ್ತೆ ಮತ್ತೆ ಅದೇ. ಕೊನೆಗೆ ಸೂಪರ್‌ಮ್ಯಾನ್ ಅವನನ್ನ ಹಿಡ್ಕೊಂಡು ಮಿಂಚು ಅವನ ಮೇಲೇ ಬೀಳುವ ಹಾಗೆ ಮಾಡ್ತಾನೆ, ಬಿಲ್ಲಿ ಆದ ಕೂಡ್ಲೆ ಬಾಯಿ ಮುಚ್ಚಿ ಹಿಡೀತಾನೆ. ಮೇಲೆ ಬಾಂಬು ಬರ್ತಾ ಉಂಟು, ಮೂರು ವಿಮಾನದಲ್ಲಿ ಎರಡನ್ನ ಬ್ಯಾಟ್‌ಮ್ಯಾನ್ ಮತ್ತೆ ಡಯಾನಾ ತಡೆದಾಯ್ತು, ಮೂರನೆಯದ್ದು ತಪ್ಪಿಸ್ಕೊಂಡಿದೆ. ಆ ಹೊತ್ತಲ್ಲಿ ಸೂಪರ್‌ಮ್ಯಾನ್ ಹೇಳುದು, ನಾನು ಬಾಂಬ್ ತಡೆದ್ರೆ ಇವರೆಲ್ಲ ಹೊರಗೆ ಬಂದು ಮನುಷ್ಯರನ್ನ ಮುಗಿಸ್ಬಹುದು, ತಡೆಯದಿದ್ರೆ ಇವರು ಸಾಯ್ತಾರೆ, ಇದನ್ನ ತೀರ್ಮಾನ ಮಾಡುವ ಅಧಿಕಾರ ನಂಗಿಲ್ಲ, ನೀನೊಬ್ಬನೇ ಎರಡೂ ಕಡೆಯವನು, ನೀನೇ ಹೇಳು ಅಂತ. ಹೇಳಿ ಅವನನ್ನ ಬಿಟ್ಟು ಬಾಂಬ್ ಕಡೆ ಹಾರ್ತಾನೆ. ಬಿಲ್ಲಿ ಅಲ್ಲೇ ನಿಂತು ಅಳ್ತಾ ಶಜಾಮ್ ಅಂತಾನೆ, ಮೇಲೆ ಹೋಗಿ ಸೂಪರ್‌ಮ್ಯಾನ್‌ನ ಕೆಳಗೆ ತಳ್ಳಿ ಬಾಂಬನ್ನ ತಾನೇ ಹಿಡಿದು ಆಕಾಶದಲ್ಲೇ ಮಿಂಚು ಬರಿಸಿ ಸಿಡಿಸ್ತಾನೆ. ಇಷ್ಟಾದ ಮೇಲೂ ತೀರ್ಮಾನ ಪಾದ್ರಿಯದ್ದು ಅಂದ್ರೆ ಬಿಲ್ಲಿಗೆ ಅನ್ಯಾಯ ಅಲ್ವಾ?

ಕೆಂಪುಕೇಪ್:
ಅನ್ಯಾಯ ಅಲ್ಲ ಅಂತ ನನ್ನ ವಾದ. ಬಿಲ್ಲಿ ಎರಡರಲ್ಲಿ ಒಂದನ್ನ ಆರಿಸ್ಲಿಲ್ಲ, ಆದಷ್ಟು ಜನ ಬದುಕ್ಲಿ ಅಂತ ಮೂರನೇ ದಾರಿ ಹಿಡಿದ. ಆದ್ರೆ ಅವನು ಸತ್ತ ಮರುಕ್ಷಣ ಸೂಪರ್‌ಮ್ಯಾನ್ ಅವನ ಆಸೆಗೆ ವಿರುದ್ಧವಾಗಿ ಹೊರಟ, ನೋಡಿ. ಬಿಲ್ಲಿ ಯಾರಿಗೋಸ್ಕರ ಪ್ರಾಣ ಕೊಟ್ನೋ ಅದರಲ್ಲಿ ಅರ್ಧ ಜನರನ್ನ ಸೂಪರ್‌ಮ್ಯಾನ್ ಕೈಯಾರೆ ಸಾಯಿಸೋಕೆ ಹೋಗ್ತಾನೆ. ನಾರ್ಮನ್ ತಡೀದೇ ಇದ್ದಿದ್ರೆ ಬಿಲ್ಲಿ ಸತ್ತಿದ್ದಕ್ಕೆ ಅರ್ಥನೇ ಉಳೀತಿರ್ಲಿಲ್ಲ. ಸೂಪರ್‌ಮ್ಯಾನ್ ಕೊನೆಗೆ ಕ್ಯಾಪ್ಟನ್ ಮಾರ್ವೆಲ್ ಕೇಪನ್ನ ದೇಶಗಳ ಬಾವುಟದ ಸಾಲಲ್ಲಿ ಹಾರಿಸ್ತಾನಲ್ಲ, ನಾವಿನ್ನು ನಿಮ್ಮ ಮೇಲಿಂದ ಆಳಲ್ಲ, ನಿಮ್ಮ ನಡುವೆ ಇರ್ತೀವಿ ಅಂತ ಮಾತು ಕೊಡ್ತಾನಲ್ಲ, ಆ ಬಾವುಟ ಏರಿದ್ದು ಬಿಲ್ಲಿಯಿಂದ ಮತ್ತೆ ನಾರ್ಮನ್‌ನಿಂದ, ಇಬ್ಬರಿಂದ್ಲೂ.

ಸಂಪಿಗೆರಸ್ತೆ:
ನೀವೆಲ್ಲಾ ಡಯಾನಾನ ಮರ್ತೇಬಿಟ್ರಿ. ನನಗೆ ಈ ಫಿನಾಲೇಲಿ ಕಾಡೋದು ಅವಳೇ. ಸೂಪರ್‌ಮ್ಯಾನ್‌ನ ಏಕಾಂತದಿಂದ ಎಬ್ಬಿಸಿ ಕರ್ಕೊಂಡು ಬಂದೋಳು ಅವಳು, ಅಮೆಜಾನ್‌ಗಳು ನಿನ್ನ ಕೆಲಸ ನೀನು ಮಾಡ್ಲಿಲ್ಲ ಅಂತ ಅವಳ ಪಟ್ಟ ಕಿತ್ಕೊಂಡು ಹೊರಗೆ ಹಾಕಿರೋದನ್ನ ಯಾರ ಹತ್ರನೂ ಹೇಳ್ಕೊಳ್ದೆ ಇಟ್ಕೊಂಡಿದ್ದೋಳೂ ಅವಳೇ. ಹೆಫೀಸ್ಟಸ್ ಮಾಡಿಕೊಟ್ಟ ಕತ್ತಿ ಹಿಡ್ಕೊಂಡು ಯುದ್ಧಕ್ಕೆ ಇಳಿದು ಫಾನ್ ಬಾಕ್ ಅನ್ನೋ ಎದುರಾಳಿನ ಕೊಂದೇಬಿಡ್ತಾಳೆ. ಅಲ್ಲಿವರೆಗೆ ಕೊಲ್ಲಬಾರದು ಅನ್ನೋದೇ ಹಳಬರಿಗೂ ಹೊಸಬರಿಗೂ ಇದ್ದ ವ್ಯತ್ಯಾಸ, ಆ ಗೆರೆ ದಾಟಿದ್ದು ಮ್ಯಾಗಾಗ್ ಥರದೋರಲ್ಲ, ಇವಳು.

ಇಷ್ಟು ದೊಡ್ಡ ವಿಷಯನ ಕತೆ ಕೊನೇಲಿ ಎಲ್ಲಿ ಎತ್ಕೊಂಡಿದೆ ಹೇಳಿ? ಗುಲಾಗ್‌ನಿಂದ ಉಳಿದೋರನ್ನ ತನ್ನ ದ್ವೀಪಕ್ಕೆ ಕರ್ಕೊಂಡು ಹೋಗಿ ಸರಿ ಮಾಡ್ತಾಳೆ ಅನ್ನೋದು ನಿಜವಾಗ್ಲೂ ಒಳ್ಳೇ ತೀರ್ಮಾನ, ಜೈಲಿಂದ ಆಗದೇ ಇದ್ದಿದ್ದನ್ನ ಅಲ್ಲಿ ಮಾಡೋಕೆ ನೋಡ್ತಾರೆ, ಮ್ಯಾಗಾಗ್ ಕೂಡ ಅಲ್ಲಿದಾನೆ. ಆದ್ರೆ ಅದು ಕಣ್ಣು ಮಿಟುಕಿಸೋದ್ರೊಳಗೆ ಮುಗಿದು ಹೋಗತ್ತೆ. ಉಳಿದ ಜಾಗ ಪೂರ್ತಿ ಸೂಪರ್‌ಮ್ಯಾನ್‌ಗೆ ಕನ್ನಡಕ ಕೊಡೋದಕ್ಕೆ, ಮುತ್ತಿಗೆ. ಫಾನ್ ಬಾಕ್ ಬಗ್ಗೆ ಅವಳಿಗೆ ಏನನ್ಸಿತ್ತು ಅಂತ ಒಂದು ಪುಟ ಇದ್ದಿದ್ರೆ ಸಾಕಿತ್ತು ನನಗೆ.

ಕೆಂಪುಕೇಪ್:
ಸಂಪಿಗೆರಸ್ತೆ, ಇದಕ್ಕೆ ನನ್ನ ಹತ್ರ ಎದುರುತ್ತರ ಇಲ್ಲ, ನೂರಕ್ಕೆ ನೂರು ಒಪ್ಕೊಳ್ತೀನಿ. ಕನ್ನಡಕದ ಸೀನ್ ಮಾತ್ರ ಬಿಟ್ಟುಕೊಡಲ್ಲ. ಕನ್ನಡಕ ಹಾಕ್ಕೊಂಡು ಮಾಮೂಲಿ ಮನುಷ್ಯನಾಗಿ ಇರುವಾಗ ಸೂಪರ್‌ಮ್ಯಾನ್ ಹೆಸರು ಕ್ಲಾರ್ಕ್, ಇಡೀ ಸರಣೀಲಿ ಯಾರಾದ್ರೂ ಅವನನ್ನ ಹಾಗೆ ಕರೆದ್ರೆ ಸಾಕು, ಹಾಗೆ ಕರೀಬೇಡ ಅಂತಿದ್ದೋನು ಅವನು. ಮೊದಲನೇ ಸಂಚಿಕೇಲಿ ಉದ್ದ ಕೂದಲು ಬಿಟ್ಕೊಂಡು ತೋಟದಲ್ಲಿ ಕೆಲಸ ಮಾಡೋದು ತೋರಿಸ್ತಾರೆ, ಅದು ಸುಳ್ಳು ತೋಟ, ಅವನೇ ಮಾಡ್ಕೊಂಡಿರೋ ಭ್ರಮೆ. ಕೊನೇಲಿ ಕ್ಯಾನ್ಸಸ್‌ನ ಸುಟ್ಟ ನೆಲವನ್ನ ನಿಜವಾಗ್ಲೂ ಉತ್ತು ಹದ ಮಾಡ್ತಿದಾನೆ. ಕನ್ನಡಕ ಅಲ್ಲಿ ಬರೋದು ಅದಕ್ಕೇ.

ಹಳೇಪುಸ್ತಕ:
ಮ್ಯಾಗಾಗ್ ಬಗ್ಗೆ ಯಾರೂ ಜಾಸ್ತಿ ಮಾತಾಡ್ತಿಲ್ವಲ್ಲ, ಅವನಿಲ್ದೇ ಈ ಕೊನೆ ಅರ್ಥ ಆಗಲ್ಲ. ಆ ಕಾಲ ನೆನಪಿಸ್ಕೊಳಿ. 1992ರಲ್ಲಿ ಇಮೇಜ್ ಅನ್ನೋ ಕಾಮಿಕ್ಸ್ ಪ್ರಕಾಶನ ಶುರುವಾಯ್ತು, ಅದೇ ವರ್ಷ ಸೂಪರ್‌ಮ್ಯಾನ್‌ನ ಸಾಯಿಸಿ ಲಕ್ಷಗಟ್ಲೆ ಕಾಪಿ ಮಾರಿದ್ರು, ಎಲ್ಲಿ ನೋಡಿದ್ರೂ ದೊಡ್ಡ ಬಂದೂಕು, ಮೈ ತುಂಬಾ ಚೀಲ, ಹಲ್ಲು ಕಚ್ಚಿದ ಮುಖ. ವೇಯ್ಡ್ ಮತ್ತೆ ರಾಸ್ ಇಬ್ರೂ ಆ ಕಾಲದ ಡಿಸೈನ್‌ನಲ್ಲಿ ತಮಗೆ ಆಗದೇ ಇರೋದನ್ನೆಲ್ಲಾ ಒಂದೇ ಮೈ ಮೇಲೆ ಹೇರಿ ಮಾಡಿದ ಪಾತ್ರ ಮ್ಯಾಗಾಗ್, ರಾಬ್ ಲೈಫೆಲ್ಡ್ ಬರೀತಿದ್ದ ಕೇಬಲ್ ಅನ್ನೋ ಪಾತ್ರ ಅದಕ್ಕೆ ಮೂಲ. ಕಣ್ಣ ಮೇಲೆ ಗಾಯದ ಗುರುತು, ಚಿನ್ನದ ಕೊಂಬು, ಲೋಹದ ಕೈ.

ಇಷ್ಟು ಸಿಟ್ಟಲ್ಲಿ ಹುಟ್ಟಿದ ಪಾತ್ರನ ಸುಲಭವಾಗಿ ಸಾಯಿಸ್ಬಹುದಿತ್ತು, ಬಾಂಬ್ ಬೇರೆ ಬೀಳ್ತಿತ್ತು. ಅವರು ಸಾಯಿಸ್ಲಿಲ್ಲ. ಎರಡನೇ ಸಂಚಿಕೇಲಿ ಕ್ಯಾನ್ಸಸ್‌ನಲ್ಲಿ ಅವನು ಸೂಪರ್‌ಮ್ಯಾನ್ ಎದುರು ಮುರಿದು ಬೀಳೋದು ನೋಡಿ, ಜನ ಕೊಲ್ಲೋನನ್ನ ಆರಿಸ್ಕೊಂಡ್ರು, ಕೊಲ್ಲದೇ ಇರೋನು ಬಿಟ್ಟು ಹೋದ, ಆ ಜಾಗಕ್ಕೆ ನಾನು ಬಂದೆ, ಈಗ ಸತ್ತೋರ ಭಾರ ನನ್ನ ಮೇಲಿದೆ ಅಂತ ಕೂಗಾಡ್ತಾನೆ. ಶಿಕ್ಷೆ ಕೊಡು ಅಂತ ಅವನೇ ಕೇಳ್ತಾನೆ. ಅವನನ್ನ ಉಳಿಸಿ, ಡಯಾನಾ ದ್ವೀಪದಲ್ಲಿ ಬೇರೆಯೋರ ಜೊತೆ ಕಲಿಯೋಕೆ ಬಿಟ್ಟಿರೋದೇ ಈ ಫಿನಾಲೆಯ ಪ್ರಾಮಾಣಿಕತೆ. ಹಳೇ ಹೀರೋಗಳು ಗೆದ್ರು, ಹೊಸಬರು ಸೋತ್ರು ಅಂತ ಮುಗಿಸಿದ್ರೆ ಇದೂ ಆ ಕಾಲದ ಬೇರೆ ಕಾಮಿಕ್ಸ್ ಥರನೇ ಇನ್ನೊಂದು ಸೇಡಿನ ಕತೆ ಆಗ್ತಿತ್ತು. ಹಳಬರದ್ದೂ ತಪ್ಪು ಅಂತ ಕತೆ ಖಡಾಖಂಡಿತ ಹೇಳತ್ತೆ.

ಸಂಪಿಗೆರಸ್ತೆ:
ಇದು ಚೆನ್ನಾಗಿ ಹೇಳಿದ್ರಿ. ಬ್ಯಾಟ್‌ಮ್ಯಾನ್‌ಗೂ ಇದೇ ಅನ್ವಯ ಆಗತ್ತೆ. ಯುದ್ಧಕ್ಕೆ ಮುಂಚೆ ಸೂಪರ್‌ಮ್ಯಾನ್ ಗುಹೆಗೆ ಬಂದು ಸಹಾಯ ಕೇಳ್ತಾನಲ್ಲ, ನಮ್ಮಿಬ್ಬರಿಗೂ ಬೇರೆ ಯಾವುದರಲ್ಲೂ ಹೊಂದಲ್ಲ, ಆದ್ರೆ ನಿನ್ನ ಮೇಲಿನ ಪದರ ಎಲ್ಲಾ ತೆಗೆದ್ರೆ ಕೊನೇಲಿ ಉಳಿಯೋದು ಯಾರೂ ಸಾಯೋದನ್ನ ನೋಡೋಕಾಗದ ಒಬ್ಬ ಮನುಷ್ಯ ಅಂತ ಹೇಳ್ತಾನೆ. ನನ್ನ ಪ್ರಕಾರ ಇಡೀ ಸರಣೀಲಿ ಬ್ಯಾಟ್‌ಮ್ಯಾನ್ ಬಗ್ಗೆ ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ. ಕೊನೇಲಿ ಮೈಗೆ ಲೋಹದ ಆಸರೆ ಕಟ್ಕೊಂಡು ಓಡಾಡೋ ಬ್ರೂಸ್ (ಬ್ಯಾಟ್‌ಮ್ಯಾನ್‌ನ ಅಸಲಿ ಹೆಸರು) ತನ್ನ ಬಂಗಲೆಯನ್ನೇ ಗಾಯಾಳುಗಳಿಗೆ ಆಸ್ಪತ್ರೆ ಮಾಡ್ತಾನೆ. ಡಾಕ್ಟರ್ ಮಗ ಅವನು, ಅಪ್ಪನ ಕೆಲಸಕ್ಕೆ ಮರಳಿದ.

ತುಂಗಾತೀರ:
ಒಂದು ಪ್ರಶ್ನೆ. ನನ್ನ ಹತ್ರ ಇರೋದು ಸೆಕೆಂಡ್‌ಹ್ಯಾಂಡಲ್ಲಿ ಚರ್ಚ್ ಸ್ಟ್ರೀಟ್ ಕಡೆ ಸಿಕ್ಕ ಬಿಡಿ ಸಂಚಿಕೆಗಳು, ಅದರಲ್ಲಿ ನಾರ್ಮನ್ ಚರ್ಚಿನಲ್ಲಿ ಪ್ರಸಂಗ ಮಾಡೋದಕ್ಕೇ ಮುಗಿಯತ್ತೆ. ಗೆಳೆಯ ಒಬ್ಬ ಹೋಟೆಲ್ ಸೀನ್ ಇದೆ, ಅದೇ ಬೆಸ್ಟ್ ಅಂತಾನೆ. ಎಲ್ಲಿದೆ ಅದು?

ಹಳೇಪುಸ್ತಕ:
ಅದು ಬಿಡಿ ಸಂಚಿಕೇಲಿ ಇಲ್ಲ. ನಾಲ್ಕನ್ನೂ ಸೇರಿಸಿ ಪುಸ್ತಕ ಮಾಡಿದಾಗ ಒಂದು ವರ್ಷದ ನಂತರದ ಕತೆ ಅಂತ ಕೊನೇಲಿ ಸೇರಿಸಿದ್ದು. ಪ್ಲಾನೆಟ್ ಕ್ರಿಪ್ಟನ್ ಅನ್ನೋ ಸೂಪರ್‌ಹೀರೋ ಥೀಮ್ ಹೋಟೆಲ್, ಸಪ್ಲೈಯರ್‌ಗಳೆಲ್ಲಾ ಹೀರೋ ವೇಷದಲ್ಲಿ, ಅಲ್ಲಿಗೆ ಕ್ಲಾರ್ಕ್, ಡಯಾನಾ, ಬ್ರೂಸ್ ಮೂವರೂ ಮಾಮೂಲಿ ಬಟ್ಟೇಲಿ ಬಂದು ಕೂರ್ತಾರೆ. ಒಂದು ಸುದ್ದಿ ಹೇಳೋಕೆ ಕರೆದಿರ್ತಾರೆ, ಬ್ರೂಸ್ ಅವರು ಬಾಯಿ ಬಿಡೋ ಮುಂಚೆನೇ ಡಯಾನಾ ಬಸುರಿ ಅಂತ ಕಂಡುಹಿಡೀತಾನೆ. ಮಗುಗೆ ನೀನೇ ಗಾಡ್‌ಫಾದರ್ ಆಗು ಅಂತ ಕೇಳಿದಾಗ ಮಾತ್ರ ಅವನಿಗೆ ಮಾತು ಹೊರಡಲ್ಲ.

ಮಲ್ಪೆಬಂದರು:
ಆ ಭಾಗ ಬೇಕಾಗಿರ್ಲಿಲ್ಲ ಅಂತ ನನ್ನ ಅಭಿಪ್ರಾಯ. ಕ್ಯಾನ್ಸಸ್‌ನಲ್ಲಿ ಸಮಾಧಿ, ಅಷ್ಟು ಸಾವು, ಪಾದ್ರಿಯ ಪ್ರಸಂಗ, ಎದುರಿನ ಬೆಂಚಲ್ಲಿ ಸ್ಪೆಕ್ಟರ್ ತನ್ನ ಮನುಷ್ಯ ರೂಪದಲ್ಲಿ ಜಿಮ್ ಕಾರಿಗನ್ ಆಗಿ ಕೂತು ಕೇಳುದು. ದೇವರ ಕೋಪವೇ ಬಂದು ಬೆಂಚಲ್ಲಿ ಕೂತು ಮನುಷ್ಯನ ಮಾತು ಕೇಳ್ತಾ ಉಂಟು, ಅದಕ್ಕಿಂತ ಮುಂದೆ ಎಂಥದು ಬೇಕು? ಮತ್ತೆ ಸಂಪಿಗೆರಸ್ತೆ ಹೇಳಿದ ಹಾಗೆ ಡಯಾನಾ ಕತೆ ಅಲ್ಲಿ ಇನ್ನೂ ಸಣ್ಣದಾಗ್ತದೆ.

ಗದುಗಿನ ಓದುಗ:
ಇದು ನಮಗ ಹೊಸಾ ಜಗಳ ಅಲ್ಲ ಬಿಡ್ರಿ. ಕುಮಾರವ್ಯಾಸ ಗದಾಪರ್ವಕ್ಕ ನಿಲ್ಲಿಸಿದ, ಹತ್ತು ಪರ್ವ, ಸಾಕು ಅಂದ. ಉಳದ ಪರ್ವ ಆಮ್ಯಾಲೆ ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಾಗ ಬರದು ಪೂರ್ತಿ ಮಾಡಿದ. ಇವತ್ತಿಗೂ ಊರಾಗ ವಾಚನ ಮಾಡೂದು ಯಾವುದನ್ನ? ಗದುಗಿನ ಭಾರತನ. ಹಂಗಂತ ತಿಮ್ಮಣ್ಣ ಮಾಡಿದ್ದು ತಪ್ಪೇನು? ಯುದ್ಧ ಆದ ಮ್ಯಾಲೆ ಬದಕಿದವರು ಹೆಂಗ ಬದಕಿದ್ರು ಅಂತ ಕೇಳೂ ಮಂದಿ ಇದ್ದೇ ಇರತಾರ.

ನಂಗ ಹೋಟೆಲ್ ಭಾಗ ಸೇರತದ. ಯಾಕಂದ್ರ ನಾವಿನ್ನ ನಿಮ್ಮ ನಡುವೆ ಇರತೀವಿ ಅಂತ ಸೂಪರ್‌ಮ್ಯಾನ್ ಸಭಾದಾಗ ಮಾತು ಕೊಟ್ಟಾನ, ಆ ಮಾತು ನಡೀತೋ ಇಲ್ಲೋ ನೋಡಬೇಕಲ್ಲ. ಮೂರೂ ಮಂದಿ ಒಂದು ಟೇಬಲ್ಲಿಗೆ ಕುಂತು ಊಟ ತರಸ್ತಾರ, ಬಾಜೂ ಟೇಬಲ್ಲಿನವರು ಹೊಳ್ಳಿ ಸುದ್ದಾ ನೋಡೂದಿಲ್ಲ. ನಡೀತು ಅಂತ ಆತಲ್ಲ.

ಬಣ್ಣದಡಬ್ಬಿ:
ಗದುಗಿನ ಓದುಗರ ಮಾತಿಗೆ ನನ್ನ ಓಟು. ಆ ಹೋಟೆಲ್ ಪುಟಗಳ ಬೆಳಕು ನೋಡಿ, ಇಡೀ ಸರಣೀಲಿ ಹಾಗೆ ಬೆಚ್ಚಗಿನ ದೀಪದ ಬಣ್ಣ ಬೇರೆಲ್ಲೂ ಅಷ್ಟಿಲ್ಲ. ಸೂಪರ್‌ಮ್ಯಾನ್ ಬರೀ ಅಂಗಿ ಕೋಟು ಹಾಕ್ಕೊಂಡು ಕುರ್ಚೀಲಿ ಸ್ವಲ್ಪ ಬಗ್ಗಿ ಕೂತಿರ್ತಾನೆ, ಊಟಕ್ಕೆ ಬಂದ ದೊಡ್ಡ ಮೈಯ ಗಂಡಸು, ಅಷ್ಟೇ.

ತುಂಗಾತೀರ:
ಹಾಗಾದ್ರೆ ಪುಸ್ತಕನೇ ತರಿಸ್ತೀನಿ. ಇದಾದ ಮೇಲೆ ಮುಂದುವರಿದ ಕತೆ ಏನಾದ್ರೂ ಓದ್ಬೇಕಾ?

ಕೆಂಪುಕೇಪ್:
ದಿ ಕಿಂಗ್‌ಡಮ್ ಅಂತ 1998ರ ಕೊನೇಲಿ ವೇಯ್ಡ್ ಬರೆದಿದ್ದಾರೆ, ರಾಸ್ ಅದರಲ್ಲಿ ಇಲ್ಲ, ನನಗೆ ಅದು ಹಿಡಿಸ್ಲಿಲ್ಲ, ಬಿಡ್ಬಹುದು. ಅದಕ್ಕಿಂತ 2007ರಿಂದ ಜೆಫ್ ಜಾನ್ಸ್ ಬರೆದ ಜಸ್ಟಿಸ್ ಸೊಸೈಟಿ ಆಫ್ ಅಮೆರಿಕಾ ಹುಡುಕಿ, ರಾಸ್ ಕೂಡ ಕೈ ಸೇರಿಸಿದಾರೆ. ಈ ಸೂಪರ್‌ಮ್ಯಾನ್ ಬಾಂಬ್ ಸಿಡಿಯೋ ಕ್ಷಣದಲ್ಲೇ ಕಿತ್ತುಕೊಂಡು ಬಂದು ಮಾಮೂಲಿ ಡಿಸಿ ಜಗತ್ತಲ್ಲಿ ಬೀಳ್ತಾನೆ. ಅಂದ್ರೆ ನಾರ್ಮನ್ ಇನ್ನೂ ಅವನ ಹತ್ರ ಮಾತಾಡಿರಲ್ಲ, ಎಲ್ಲರೂ ಸತ್ರು, ಎಲ್ಲಾ ನನ್ನಿಂದ್ಲೇ ಅನ್ನೋ ಭಾರದಲ್ಲೇ ಬೇರೆ ಲೋಕದಲ್ಲಿ ಓಡಾಡ್ತಾನೆ, ಅಲ್ಲೂ ಒಬ್ಬ ಮ್ಯಾಗಾಗ್ ಹುಟ್ಟೋದನ್ನ ನೋಡ್ಬೇಕಾಗತ್ತೆ. ನಾರ್ಮನ್ ಆ ಸಭಾಂಗಣದಲ್ಲಿ ಇಲ್ದೇ ಹೋಗಿದ್ರೆ ಇವನು ಏನಾಗ್ತಿದ್ದ ಅಂತ ತಿಳ್ಕೊಳ್ಳೋಕೆ ಅದನ್ನ ಓದಿ, ಆದ್ರೆ ಇದರ ನಾಲ್ಕನೇ ಸಂಚಿಕೆ ಮುಗಿಸಿದ ಮೇಲೇ.